ಮೂರನೆಯ ಪಿನ್ನಿಗೆ ವಾರಸುದಾರರು ಯಾರು?

ಇವರಿಗೆ,
ಮುಖ್ಯ ವಿದ್ಯುತ್ ಪರಿವೀಕ್ಷಕರು,
ವಿದ್ಯುತ್ ಪರಿವೀಕ್ಷಣಾಲಯ, ಕರ್ನಾಟಕ ಸರ್ಕಾರ,
ಬೆಂಗಳೂರು.

ವಿಷಯ: ಮನೆಗಳಲ್ಲಿ ವಾಷಿಂಗ್ ಮಷೀನ್, ಫ್ರಿಜ್, ಗೀಸರ್ ಮುಂತಾದವನ್ನು ಅರ್ಥಿಂಗ್ ಇಲ್ಲದೆ, ಅಥವಾ ನ್ಯೂಟ್ರಲ್ ತಂತಿಯನ್ನೇ ಅರ್ಥಿಂಗ್ ಎಂದು ನಂಬಿಸಿ ಜೋಡಿಸುತ್ತಿರುವ ಬಗ್ಗೆ.

ಮಾನ್ಯರೇ,

ಕಳೆದ ಜುಲೈ ತಿಂಗಳ ಒಂದು ಬೆಳಿಗ್ಗೆ ನಮ್ಮ ಮನೆಯ ವಾಷಿಂಗ್ ಮಷೀನ್ ಮುಟ್ಟಿ ನನ್ನ ತಾಯಿಗೆ ಶಾಕ್ ಹೊಡೆಯಿತು. ಪ್ರಾಣ ಉಳಿಯಿತು. ಉಳಿಯದೆ ಹೋಗಿದ್ದರೆ ಈ ಪತ್ರದ ಅಗತ್ಯ ಬೀಳುತ್ತಿರಲಿಲ್ಲ. ನಿಮ್ಮ ಅಧಿಕಾರಿಗಳೇ ವಿಚಾರಣೆಗೆಂದು ಮನೆ ಬಾಗಿಲಿಗೆ ಬರುತ್ತಿದ್ದರು, ಮಹಜರು ನಡೆಯುತ್ತಿತ್ತು, ವರದಿ ತಯಾರಾಗುತ್ತಿತ್ತು. ಅಮ್ಮ ಬದುಕಿರುವುದರಿಂದ ಆ ವರದಿಯನ್ನು ನಾನೇ ಬರೆಯಬೇಕಾಗಿ ಬಂದಿದೆ.

ನಾನು ಎಂಜಿನಿಯರ್ ಅಲ್ಲ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವನು, ಬಾಡಿಗೆ ಮನೆಯಲ್ಲಿರುವವನು. ಇಲ್ಲಿ ಯಾವ ಅಂಗಡಿಯ ಹೆಸರನ್ನೂ, ಕಂಪನಿಯ ಹೆಸರನ್ನೂ, ಕೆಲಸ ಮಾಡಿದವರ ಹೆಸರನ್ನೂ ಬರೆಯುವುದಿಲ್ಲ. ಒಬ್ಬರನ್ನು ಹಿಡಿದು ದಂಡಿಸಿದರೆ ಮುಗಿಯುವ ವಿಷಯ ಇದಾಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ, ನೇರವಾಗಿ ಪೊಲೀಸ್ ಠಾಣೆಗೆ ಹೋಗುತ್ತಿದ್ದೆ.

ನಮ್ಮ ಕಡೆಯ ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಎಷ್ಟು ಕಷ್ಟವೆಂಬುದು ಇಲ್ಲಿ ನಾಲ್ಕು ತಿಂಗಳು ಕಳೆದವರಿಗೆ ಗೊತ್ತು. ಹಾಗಾಗಿ ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವುದಕ್ಕೆ ಮೊದಲೇ, ಹಳೆಯ ಮಷೀನನ್ನು ಗುಜರಿಗೆ ಹಾಕಿ ಹೊಸದೊಂದನ್ನು ತಂದೆವು. ಹಳೆಯದು ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಅದಕ್ಕೆ ಅಮ್ಮ ಕಂಡುಕೊಂಡಿದ್ದ ಪರಿಹಾರ ಊಟಕ್ಕೆ ಕೂರುವ ಹಲಸಿನ ಮರದ ಮಣೆ. ಬಚ್ಚಲ ಪಕ್ಕದ ಜಾಗದಲ್ಲಿ ಮಣೆ ಹಾಕಿಕೊಂಡು, ಅದರ ಮೇಲೆ ನಿಂತೇ ಬಟ್ಟೆ ಹಾಕುವುದು, ತೆಗೆಯುವುದು. ವರ್ಷಗಟ್ಟಲೆ ಹೀಗೆಯೇ ನಡೆದಿತ್ತು. ಮನೆಯಲ್ಲಿ ಓದಿದವರು ಮೂವರಿದ್ದೇವೆ. ಮಷೀನ್ ಏಕೆ ಜುಮ್ಮೆನ್ನುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಹೊಸ ಮಷೀನ್ ಬಂದ ದಿನ ಅಮ್ಮ ಮತ್ತೆ ಮಣೆ ತಂದಿಟ್ಟಾಗ ನಾವೆಲ್ಲ ನಕ್ಕೆವು.

ಮಷೀನ್ ಕೂರಿಸಲು ಬಂದ ಹುಡುಗ ಚುರುಕಾಗಿದ್ದ. ಡಬ್ಬದಿಂದ ಬಿಚ್ಚಿ, ನಲ್ಲಿಗೆ ಪೈಪ್ ಜೋಡಿಸಿ, ಪ್ಲಗ್ ಹಾಕುವ ಮೊದಲು ಮಲ್ಟಿಮೀಟರ್ ಹಿಡಿದು ನೋಡಿ, “ಇಲ್ಲಿ ಅರ್ಥಿಂಗ್ ಬರುತ್ತಿಲ್ಲ ಸರ್, ಹೀಗೆ ಹಾಕಿದರೆ ವಾರಂಟಿ ಸಿಗುವುದಿಲ್ಲ. ಮಾಡಿಸಿ ಫೋನ್ ಮಾಡಿ” ಎಂದು ಹೇಳಿ ಹೊರಟ. ಅವನು ಅಷ್ಟಾದರೂ ನೋಡಿದ. ಆದರೆ ಗಮನಿಸಿ, ಜೀವ ಹೋಗಬಹುದು ಎಂದು ಅವನು ಹೇಳಲಿಲ್ಲ, ವಾರಂಟಿ ಹೋಗುತ್ತದೆ ಎಂದ. ಅವನಿಗೆ ಕಲಿಸಿದವರು ಅಷ್ಟನ್ನೇ ಕಲಿಸಿರಬೇಕು.

ಮನೆಯ ಮಾಲೀಕರಿಗೆ ಹೇಳಿದೆ. ಅವರು ತಮ್ಮ ಪರಿಚಯದ ಎಲೆಕ್ಟ್ರಿಷಿಯನ್ನನ್ನು ಕಳುಹಿಸಿದರು. ಬಂದವರು ಹಳೆಯ ಪ್ಲಗ್ ಪಾಯಿಂಟ್ ಕಿತ್ತು 16 ಆಂಪಿಯರ್‌ನ ಹೊಸ ಸಾಕೆಟ್ ಕೂರಿಸಿದರು. ಗೋಡೆಯೊಳಗಿನ ಪೈಪಿನಿಂದ ಬರುತ್ತಿದ್ದುದು ಎರಡೇ ತಂತಿ: ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಸಾಕೆಟ್‌ಗೆ ಬೇಕಾದದ್ದು ಮೂರು. ಅವರು ಕ್ಷಣವೂ ತಡವರಿಸಲಿಲ್ಲ. ಚೀಲದಿಂದ ಅರ್ಧ ಗೇಣುದ್ದದ ಕೆಂಪು ತಂತಿಯ ತುಂಡು ತೆಗೆದು, ಎರಡೂ ತುದಿಯ ಪ್ಲಾಸ್ಟಿಕ್ಕನ್ನು ಹಲ್ಲಿನಲ್ಲೇ ಕಚ್ಚಿ ಸುಲಿದು, ಸಾಕೆಟ್ಟಿನ ಹಿಂಬದಿಯಲ್ಲಿ ನ್ಯೂಟ್ರಲ್ ತಿರುಪಿನಿಂದ ಮೇಲಿನ ಅರ್ಥ್ ತಿರುಪಿಗೆ ಕಟ್ಟಿದರು. “ಈಗ ಅರ್ಥಿಂಗ್ ಬಂತು ನೋಡಿ ಸರ್” ಎಂದು ಟೆಸ್ಟ್ ಬಲ್ಬನ್ನು ಫೇಸ್ ಮತ್ತು ಅರ್ಥ್ ತೂತುಗಳಿಗೆ ಹಿಡಿದರು. ಬಲ್ಬ್ ಝಗ್ಗನೆ ಹತ್ತಿತು. ಹತ್ತು ನಿಮಿಷದ ಕೆಲಸ. ನಾನು ಕಾಫಿ ಕೊಟ್ಟು, ದುಡ್ಡು ಕೊಟ್ಟು, ಕೈಮುಗಿದು ಕಳುಹಿಸಿದೆ.

ಮರುದಿನ ಆ ಹುಡುಗ ಮತ್ತೆ ಬಂದ. ಮೀಟರ್ ಹಿಡಿದ. ಫೇಸ್‌ನಿಂದ ನ್ಯೂಟ್ರಲ್‌ಗೆ 230 ವೋಲ್ಟ್ ಆಸುಪಾಸು, ಫೇಸ್‌ನಿಂದ ಅರ್ಥ್‌ಗೂ ಅಷ್ಟೇ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಸೊನ್ನೆ. “ಪರ್ಫೆಕ್ಟ್” ಎಂದ. ಸೊನ್ನೆ ಬಾರದೆ ಇನ್ನೇನು ಬರುತ್ತದೆ? ಎರಡೂ ಒಂದೇ ತಂತಿ. ಒಂದೇ ಪುಸ್ತಕದ ಲೆಕ್ಕವನ್ನು ಎರಡು ಪುಸ್ತಕಕ್ಕೆ ನಕಲು ಮಾಡಿ, ಎರಡೂ ತಾಳೆಯಾಗುತ್ತಿದೆ ಎಂದು ಸಂತೋಷಪಟ್ಟ ಹಾಗೆ. ನಮ್ಮ ಸಂಘದಲ್ಲಿ ಹೀಗೆ ಮಾಡಿದರೆ ಲೆಕ್ಕ ಪರಿಶೋಧಕರು ನನ್ನನ್ನು ಮನೆಗೆ ಕಳುಹಿಸುತ್ತಾರೆ. ಇಲ್ಲಿ ಹುಡುಗನ ಮೊಬೈಲ್‌ನಲ್ಲಿ ನಾನೇ ಐದು ನಕ್ಷತ್ರ ಒತ್ತಿದೆ.

ಇದರಲ್ಲಿ ತಪ್ಪೇನಿದೆ ಎಂಬುದು ತಮಗೆ ಹೇಳಬೇಕಾದದ್ದಲ್ಲ. ಆದರೆ ಇದು ಬಹಿರಂಗ ಪತ್ರ, ಓದುವವರಲ್ಲಿ ನನ್ನಂಥವರೂ ಇರುತ್ತಾರೆ. ಅರ್ಥ್ ತಂತಿಯ ಕೆಲಸ ಮಷೀನಿನ ಕಬ್ಬಿಣದ ಮೈಯನ್ನು ನೆಲಕ್ಕೆ ಕಟ್ಟಿಹಾಕುವುದು. ದಿನನಿತ್ಯದಲ್ಲಿ ಅದರೊಳಗೆ ಕರೆಂಟ್ ಹರಿಯುವಂತಿಲ್ಲ. ನ್ಯೂಟ್ರಲ್ ಹಾಗಲ್ಲ, ಅದು ದುಡಿಯುವ ತಂತಿ. ಫೇಸ್‌ನಲ್ಲಿ ಬಂದ ಕರೆಂಟ್ ವಾಪಸು ಹೋಗುವುದು ಅದರಲ್ಲೇ. ಎರಡನ್ನೂ ಸಾಕೆಟ್‌ನಲ್ಲಿ ಕಟ್ಟಿದರೆ, ನ್ಯೂಟ್ರಲ್ ಗಟ್ಟಿಯಾಗಿರುವ ತನಕ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ. ಆ ನ್ಯೂಟ್ರಲ್ ಮೀಟರ್ ಬೋರ್ಡಿನಲ್ಲೋ ಕಂಬದಲ್ಲೋ ಕಳಚಿಕೊಂಡಿತೋ, ವಾಪಸು ಹೋಗಲು ದಾರಿ ಕಾಣದ ಕರೆಂಟು ಮಷೀನಿನ ಮೈಗೆ ಬಂದು ನಿಲ್ಲುತ್ತದೆ. ಅಲ್ಲಿಂದ ನೆಲಕ್ಕೆ ದಾರಿ ಮಾಡಿಕೊಡುವವರು ಅದನ್ನು ಮುಟ್ಟಿದ ಮನುಷ್ಯರು.

ನಮ್ಮಲ್ಲಿ ಆದದ್ದೂ ಅದೇ. ಹಿಂದಿನ ರಾತ್ರಿಯೆಲ್ಲ ಗಾಳಿ ಮಳೆ. ಬೆಳಿಗ್ಗೆ ಏಳೂವರೆಗೆ ಮಷೀನ್ ತಿರುಗುತ್ತಿದ್ದಾಗಲೇ ಮನೆಯ ದೀಪಗಳೆಲ್ಲ ಆರಿದವು. ಮಳೆಗಾಲದಲ್ಲಿ ನಮಗೆ ಇದು ಹೊಸದಲ್ಲ. “ಕರೆಂಟ್ ಹೋಯಿತು, ಇನ್ನು ಮಧ್ಯಾಹ್ನವೇ. ಬಟ್ಟೆ ಹಾಗೆಯೇ ನೆನೆದರೆ ಮುಗ್ಗಲು ವಾಸನೆ ಹಿಡಿಯುತ್ತದೆ” ಎಂದುಕೊಂಡು ಅಮ್ಮ ಮುಚ್ಚಳ ತೆಗೆದು ಒದ್ದೆ ಬಟ್ಟೆ ಎತ್ತಲು ಬಗ್ಗಿದರು. ಕರೆಂಟ್ ಹೋಗಿರಲಿಲ್ಲ. ಮೀಟರ್ ಬೋರ್ಡಿನಲ್ಲಿ ತುಕ್ಕು ಹಿಡಿದ ತಿರುಪಿನಿಂದ ನ್ಯೂಟ್ರಲ್ ತಂತಿ ಜಾರಿತ್ತು, ಅಷ್ಟೇ. ಫೇಸ್ ಮನೆಯೊಳಗೆ ಹಾಗೆಯೇ ಇತ್ತು. ಅಡುಗೆಮನೆಯ ಫ್ರಿಜ್ಜಿನ ಒಳಗಿಂದ, ಮಷೀನಿನ ಒಳಗಿಂದ ಹಾದು ನ್ಯೂಟ್ರಲ್ ತಂತಿಗೂ, ಆ ಅರ್ಧ ಗೇಣಿನ ಕೆಂಪು ತುಂಡಿನ ಮೂಲಕ ಮಷೀನಿನ ಮೈಗೂ ತಲುಪಿತ್ತು. ದೀಪ ಉರಿಯದ ಮನೆಯಲ್ಲಿ ವಾಷಿಂಗ್ ಮಷೀನ್ ಮಾತ್ರ ಜೀವಂತವಾಗಿತ್ತು.

ನಾನು ಓಡಿ ಬರುವ ಹೊತ್ತಿಗೆ ಅಮ್ಮ ಗೋಡೆಗೊರಗಿ ಕುಸಿದು ಕೂತಿದ್ದರು. ಬಲಗೈ ಮೊಣಕೈವರೆಗೆ ಮರಗಟ್ಟಿತ್ತು, ಅಂಗೈಯಲ್ಲಿ ಸುಟ್ಟ ಬಿಳಿ ಗುರುತು. ಮಾತು ಬರಲು ಐದು ನಿಮಿಷ ಬೇಕಾಯಿತು. ಹಲಸಿನ ಮಣೆ ಪಕ್ಕಕ್ಕೆ ಮಗುಚಿ ಬಿದ್ದಿತ್ತು. ಬಟ್ಟೆ ಎತ್ತುವಾಗ ಅವರು ಅದರ ಮೇಲೆಯೇ ನಿಂತಿದ್ದರು. ಎಡಗೈಯನ್ನು ಅಭ್ಯಾಸಬಲದಿಂದ ಸೊಂಟದ ಮೇಲಿಟ್ಟುಕೊಂಡಿದ್ದರು. ಅದು ಪಕ್ಕದ ನಲ್ಲಿಯ ಮೇಲಿದ್ದಿದ್ದರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕ ಹಾದುಹೋಗುತ್ತಿತ್ತು ಎಂದು ಆಸ್ಪತ್ರೆಯ ವೈದ್ಯರು ಹೇಳಿದರು. ಮೂವರು ಓದಿದವರ ತಿಳಿವಳಿಕೆ ಕಾಯದ ಜೀವವನ್ನು ಒಂದು ಮಣೆ ಕಾಯಿತು.

ಮಧ್ಯಾಹ್ನ ಬಂದ ಲೈನ್‌ಮನ್ ನ್ಯೂಟ್ರಲ್ ತಂತಿ ಬಿಗಿದು, “ಸರಿಯಾಯಿತು” ಎಂದರು. ಮಳೆಯಲ್ಲಿ ನೆನೆದು, ಅದೇ ದಿನ ಹತ್ತು ಕಡೆ ಕಂಬ ಹತ್ತಿ ಬಂದವರು ಅವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಅರ್ಥಿಂಗ್ ಎಲ್ಲಿದೆ ನೋಡಿ ಎಂದು ಕೇಳಿಕೊಂಡೆ. ಮೀಟರ್ ಬೋರ್ಡಿನಿಂದ ಒಂದು ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಗೋಡೆಗುಂಟ ಇಳಿದು, ಜಗಲಿಗೆ ಟೈಲ್ಸ್ ಹಾಕಿಸಿದ ಜಾಗದಲ್ಲಿ ಕಡಿದು ನಿಂತಿತ್ತು. ಕೆಳಗೆ ಎಲ್ಲೋ ಹೂತಿರಬೇಕಾದ ಪೈಪಿಗೂ ಅದಕ್ಕೂ ಸಂಬಂಧವೇ ಉಳಿದಿರಲಿಲ್ಲ. ಟೈಲ್ಸ್ ಹಾಕಿದವರಿಗೆ ಅದು ಕಾಲಿಗೆ ತೊಡರುವ ಕಬ್ಬಿಣದ ತಂತಿ, ಕತ್ತರಿಸಿ ಬಿಸಾಡಿದ್ದರು. “ಅದು ಮನೆಯವರದ್ದು, ನಮ್ಮ ಕೆಲಸ ಮೀಟರ್ ತನಕ ಮಾತ್ರ” ಎಂದು ಲೈನ್‌ಮನ್ ಹೇಳಿದರು. ಮಾಲೀಕರನ್ನು ಕೇಳಿದರೆ “ಆಗ ವೈರಿಂಗ್ ಮಾಡಿದವರು ಎಲ್ಲ ಸರಿಯಾಗಿಯೇ ಮಾಡಿದ್ದಾರೆ, ಕರೆಂಟ್ ಕೊಡುವಾಗ ಆಫೀಸಿನವರೂ ನೋಡಿದ್ದಾರೆ” ಎಂದರು. ಅಂಗಡಿಯವರು “ನಮ್ಮದು ಮಷೀನ್ ಮಾತ್ರ ಸರ್, ಪಾಯಿಂಟ್ ನಿಮ್ಮದು” ಎಂದರು. ಎಲೆಕ್ಟ್ರಿಷಿಯನ್ ಮಾತ್ರ ಬಂದು ಅಮ್ಮನನ್ನು ನೋಡಿ ನಿಜವಾಗಿಯೂ ನೊಂದುಕೊಂಡರು. “ಎಷ್ಟೋ ಮನೆಗೆ ಹೀಗೆಯೇ ಹಾಕಿದ್ದೇನೆ. ನನಗೆ ಕಲಿಸಿದವರೂ ಹೀಗೆಯೇ ಹಾಕುತ್ತಿದ್ದರು” ಎಂದರು. ಅವರಲ್ಲಿ ಪರವಾನಗಿ ಇರಲಿಲ್ಲ. ಇದೆಯೇ ಎಂದು ನಾನೂ ಕೇಳಿರಲಿಲ್ಲ.

ಮೂರು ಪಿನ್ನಿನ ಪ್ಲಗ್ ಕೈಯಲ್ಲಿ ಹಿಡಿದು ನೋಡಿ, ಮೇಲಿನ ಪಿನ್ ಉಳಿದೆರಡಕ್ಕಿಂತ ದಪ್ಪ, ಉದ್ದ. ಐಎಸ್ 1293 ಎಂಬ ಭಾರತೀಯ ಮಾನಕದ ಪ್ರಕಾರ ಅದು ಹಾಗಿರುವುದಕ್ಕೆ ಕಾರಣವಿದೆ: ಪ್ಲಗ್ ಹಾಕುವಾಗ ಮೊದಲು ಒಳಹೋಗಬೇಕು, ಕೀಳುವಾಗ ಕೊನೆಗೆ ಹೊರಬರಬೇಕು, ಫೇಸ್ ತಾಗುವ ಮೊದಲೇ ಮೈ ನೆಲಕ್ಕೆ ಸೇರಿರಬೇಕು. ಇಷ್ಟು ಯೋಚಿಸಿ ಮಾಡಿದ ಪಿನ್ನಿಗೆ ನಮ್ಮ ಊರಿನಲ್ಲಿ ವಾರಸುದಾರರೇ ಇಲ್ಲ. ನಾಲ್ವರೂ ಅದನ್ನು ಇನ್ನೊಬ್ಬರ ಮನೆಯ ಕೂಸೆಂದು ದೂಡುತ್ತಾರೆ.

ಕಾನೂನು ಇದನ್ನು ಹೀಗೆ ಅನಾಥವಾಗಿ ಬಿಟ್ಟಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ 33ನೆಯ ನಿಯಮವನ್ನೂ, ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಯ 16ನೆಯ ನಿಯಮವನ್ನೂ ಹುಡುಕಿ ಓದಿದೆ. ಗ್ರಾಹಕರ ಆವರಣದಲ್ಲಿ, ವಿದ್ಯುತ್ ಒಳಬರುವ ಜಾಗದ ಬಳಿ, ಕೈಗೆಟಕುವಂತೆ ಸೂಕ್ತವಾದ ಅರ್ಥ್ ಟರ್ಮಿನಲ್ ಒದಗಿಸುವುದೂ ಅದನ್ನು ಸುಸ್ಥಿತಿಯಲ್ಲಿಡುವುದೂ ಸರಬರಾಜು ಮಾಡುವವರ ಹೊಣೆ ಎಂದು ಎರಡರಲ್ಲೂ ಇದೆ. ಅದು ಹಾಳಾಗದಂತೆ ಎಚ್ಚರ ವಹಿಸುವುದು ಗ್ರಾಹಕರ ಹೊಣೆ. ಟೈಲ್ಸ್ ವಿಷಯದಲ್ಲಿ ನಮ್ಮ ಕಡೆಯ ತಪ್ಪೂ ಇದೆ, ಒಪ್ಪುತ್ತೇನೆ. ಹೊಸ ಪಾಯಿಂಟ್ ಸೇರಿಸುವಂಥ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರೇ ಮಾಡಬೇಕೆಂದೂ ಅದೇ ನಿಯಮಾವಳಿ ಹೇಳುತ್ತದೆ. 2010ರದರ ಜಾಗಕ್ಕೆ 2023ರಲ್ಲಿ ಹೊಸ ನಿಯಮಾವಳಿ ಬಂದಿದೆ. ಪುಸ್ತಕ ಎರಡು ಸಲ ಬದಲಾಯಿತು. ನಮ್ಮ ಜಗಲಿಯ ತಂತಿ ಮಾತ್ರ ಕಡಿದೇ ಇತ್ತು.

ಕೊನೆಗೆ ಜಿಲ್ಲಾ ಕೇಂದ್ರದಿಂದ ಪರವಾನಗಿ ಇರುವ ಗುತ್ತಿಗೆದಾರರೊಬ್ಬರನ್ನು ಕರೆಸಿದೆ. ಅವರು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಸರಿಯಾದ ಕೆಲಸ ಹೇಗಿರುತ್ತದೆ ಎಂದು ಐವತ್ತು ವರ್ಷದ ಬದುಕಿನಲ್ಲಿ ನಾನು ನೋಡಿದ್ದು ಅದೇ ಮೊದಲು. ಮನೆಯ ಹಿಂದೆ ನೀರು ಇಂಗುವ ಜಾಗದಲ್ಲಿ ಗುಂಡಿ ತೋಡಿಸಿ, ಎರಡೂವರೆ ಮೀಟರ್ ಉದ್ದದ ಜಿಐ ಪೈಪ್ ಇಳಿಸಿದರು. ಅಲ್ಲಿಂದ ಮೀಟರ್ ಬೋರ್ಡಿಗೆ, ಬೋರ್ಡಿನಿಂದ ಮೂರೂ ಪವರ್ ಪಾಯಿಂಟ್‌ಗಳಿಗೆ ಪ್ರತ್ಯೇಕ ಹಸಿರು ತಂತಿ ಎಳೆದರು. ಆಮೇಲೆ ಅರ್ಥ್ ಟೆಸ್ಟರ್ ಇಟ್ಟು ಅಳೆದು, ಪ್ರತಿರೋಧ ಹೆಚ್ಚಿದೆ ಎಂದು ತಲೆಯಾಡಿಸಿದರು. ನಮ್ಮದು ಜಂಬಿಟ್ಟಿಗೆ ನೆಲ, ಮಳೆಗಾಲದಲ್ಲೇ ಹೀಗಾದರೆ ಬೇಸಿಗೆಯಲ್ಲಿ ಇನ್ನೂ ಕೆಡುತ್ತದೆ ಎಂದರು.

ನಂತರ ನನ್ನದೇ ಲೆಕ್ಕದ ಪುಸ್ತಕದ ಹಾಳೆಯೊಂದರ ಮೇಲೆ ಗುಣಿಸಿ ಭಾಗಿಸಿ ತೋರಿಸಿದರು. ಅರ್ಥಿಂಗ್‌ನ ಪ್ರತಿರೋಧ 20 ಓಮ್ ಇದೆ ಎಂದಿಟ್ಟುಕೊಳ್ಳಿ. ಫೇಸ್ ಮಷೀನಿನ ಮೈಗೆ ತಾಗಿದರೆ ನೆಲಕ್ಕೆ ಹರಿಯುವುದು 230ನ್ನು 20ರಿಂದ ಭಾಗಿಸಿದರೆ ಬರುವಷ್ಟು, ಹನ್ನೊಂದೂವರೆ ಆಂಪಿಯರ್. ಬೋರ್ಡಿನಲ್ಲಿರುವ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನಾಗಿಯೇ ಬೀಳುವ ಸ್ವಿಚ್, 16 ಆಂಪಿಯರ್‌ನದು. ಅದು ಬೀಳುವುದೇ ಇಲ್ಲ, ಮಷೀನ್ ಶಾಕ್ ಹೊಡೆಯುತ್ತಲೇ ಇರುತ್ತದೆ. ಇನ್ನು ಮನುಷ್ಯರ ಮೈಯಲ್ಲಿ ಹರಿಯುವ ಕರೆಂಟು ಒಂದು ಆಂಪಿಯರ್‌ನ ಕಾಲುಭಾಗದ ಆಸುಪಾಸು, ಕೊಲ್ಲಲು ಅಷ್ಟು ಧಾರಾಳವಾಗಿ ಸಾಕು. ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. “ಎಂಸಿಬಿ ಇರುವುದು ತಂತಿ ಸುಡದಿರಲಿ ಎಂದು. ಮನುಷ್ಯರಿಗೆ ಬೇರೆಯದೇ ಇದೆ” ಎನ್ನುತ್ತ ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್ಚನ್ನು ಹೊರತೆಗೆದರು.

ಅದರ ಕೆಲಸ ಕೇಳಿ ನನಗೆ ಬಹಳ ಹಿಡಿಸಿತು, ವೃತ್ತಿಬಂಧುವೊಬ್ಬ ಸಿಕ್ಕಂತಾಯಿತು. ಫೇಸ್‌ನಲ್ಲಿ ಎಷ್ಟು ಹೋಯಿತು, ನ್ಯೂಟ್ರಲ್‌ನಲ್ಲಿ ಎಷ್ಟು ವಾಪಸು ಬಂತು ಎಂದು ಕ್ಷಣಕ್ಷಣಕ್ಕೂ ತಾಳೆ ನೋಡುತ್ತದೆ. 30 ಮಿಲಿ ಆಂಪಿಯರ್‌ನಷ್ಟು ವ್ಯತ್ಯಾಸ ಬಂದರೆ, ಅಂದರೆ ಅಷ್ಟು ಕರೆಂಟು ಬೇರೆಲ್ಲೋ ಸೋರಿದರೆ, ತಕ್ಷಣ ಕಡಿದು ಹಾಕುತ್ತದೆ. ಇದೂ ಸಂಜೀವಿನಿಯೇನಲ್ಲ, ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೆ ಹಿಡಿದವರನ್ನು ಅದು ಕಾಯದು. ಆದರೂ ಬಚ್ಚಲಿನಲ್ಲಿ, ಅಡುಗೆಮನೆಯಲ್ಲಿ ಒದ್ದೆ ಕೈಯಲ್ಲಿ ದುಡಿಯುವವರಿಗೆ ಅದಕ್ಕಿಂತ ದೊಡ್ಡ ಕಾವಲು ಇನ್ನೊಂದಿಲ್ಲ.

ಕೂರಿಸಿ ಸ್ವಿಚ್ ಎತ್ತಿದರೆ ನಿಲ್ಲಲೊಲ್ಲದು. ಎತ್ತಿದಷ್ಟೂ ಸಲ ಟಪ್ಪೆಂದು ಬಿದ್ದಿತು. ಎಷ್ಟೋ ಎಲೆಕ್ಟ್ರಿಷಿಯನ್‌ಗಳು ಇಂಥ ಹೊತ್ತಿನಲ್ಲಿ “ಇದು ಸುಮ್ಮನೆ ಟ್ರಿಪ್ ಆಗುತ್ತದೆ” ಎಂದು ಅದನ್ನೇ ಕಿತ್ತು ಪಕ್ಕಕ್ಕಿಟ್ಟು ತಂತಿಯನ್ನು ನೇರವಾಗಿ ಕೊಡುತ್ತಾರಂತೆ. ನಮ್ಮವರು ಹಾಗೆ ಮಾಡದೆ ಒಂದೊಂದೇ ಸಾಕೆಟ್ ಬಿಚ್ಚಿದರು. ಫ್ರಿಜ್ಜಿನ ಹಿಂದಿನದರಲ್ಲಿ ಅರ್ಧ ಗೇಣಿನ ತಂತಿ, ಗೀಸರ್‌ನ ಪಾಯಿಂಟಿನಲ್ಲಿ ಇನ್ನೊಂದು. ವಾಪಸು ಹೋಗಬೇಕಾದ ಕರೆಂಟು ಅವುಗಳ ಮೂಲಕ ನೆಲಕ್ಕೆ ಸೋರುತ್ತಿತ್ತು. ಅವೆರಡನ್ನೂ ತೆಗೆದ ಮೇಲೆ ಆರ್‌ಸಿಸಿಬಿ ತೆಪ್ಪಗೆ ನಿಂತಿತು. ಅಷ್ಟು ವರ್ಷ ನಾವು ಸ್ನಾನ ಮಾಡಿದ್ದು ಆ ಗೀಸರ್‌ನ ಕೆಳಗೆ. ಇಡೀ ಕೆಲಸಕ್ಕೆ ಆದ ಖರ್ಚು ಮಷೀನಿನ ಬೆಲೆಯ ಮೂರನೆಯ ಒಂದು ಭಾಗವೂ ಇಲ್ಲ.

ಸುದ್ದಿ ತಿಳಿದು ಬೀದಿಯವರೂ ಗುತ್ತಿಗೆದಾರರನ್ನು ಕರೆದರು. ಆರು ಮನೆಗಳಲ್ಲಿ ಪವರ್ ಪಾಯಿಂಟ್ ಬಿಚ್ಚಿ ನೋಡಿದಾಗ ನಾನೂ ಜೊತೆಗಿದ್ದೆ. ಮೂರರಲ್ಲಿ ನ್ಯೂಟ್ರಲ್‌ನಿಂದ ಅರ್ಥ್‌ಗೆ ಕಟ್ಟಿದ್ದ ತುಂಡು ಸಿಕ್ಕಿತು. ಒಂದರಲ್ಲಿ ಅರ್ಥ್ ತಿರುಪು ಖಾಲಿ. ಸರಿಯಿದ್ದವು ಎರಡು. ಎಲ್ಲರ ಮನೆಯ ದೋಸೆಯೂ ತೂತೇ ಎಂದು ನಕ್ಕು ಸುಮ್ಮನಾಗಬಹುದಾದ ತೂತಲ್ಲ ಇದು.

ಉಳಿದ ಅಭ್ಯಾಸಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ತಾವು ನನಗಿಂತ ಹೆಚ್ಚು ನೋಡಿರುತ್ತೀರಿ. ಪ್ಲಗ್ಗೇ ಇಲ್ಲದೆ ಬರಿ ತಂತಿಯನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಗಿಸುವುದು, ಅರ್ಥ್ ತೂತಿಗೆ ಪೆನ್ನಿನ ತುದಿ ಹಾಕಿ ಒಳಗಿನ ಮುಚ್ಚಳ ಸರಿಸಿ ಎರಡು ಪಿನ್ನಿನ ಪ್ಲಗ್ ಒತ್ತುವುದು, ಹಿಡಿಸದ ಪ್ಲಗ್ಗಿನ ಮೇಲಿನ ಪಿನ್ನನ್ನು ಗರಗಸದಲ್ಲಿ ಕೊಯ್ಯುವುದು. 3 ಕಿಲೋವ್ಯಾಟ್‌ನ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರ್‌ನ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ, ಪ್ಲಗ್ ಕರಗಿದ ವಾಸನೆ ಬಂದಾಗ ಊದುಬತ್ತಿ ಹಚ್ಚಿದ ಮನೆಯೊಂದು ನನಗೆ ಗೊತ್ತು. ಕರೆಂಟು ಇಮ್ಮಡಿಯಾದರೆ ತಂತಿಯ ಬಿಸಿ ನಾಲ್ಕುಪಟ್ಟು ಎಂಬ ಪಾಠವನ್ನು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು ಅಲ್ಲೇ ಬಿಟ್ಟು ಬಂದಿದ್ದೇವೆ. ಆದರೆ ಇವೆಲ್ಲ ಕಣ್ಣಿಗೆ ಕಾಣುತ್ತವೆ, ಮೂಗಿಗೆ ಬಡಿಯುತ್ತವೆ. ಸಾಕೆಟ್ಟಿನ ಹಿಂದಿನ ಕೆಂಪು ತುಂಡು ಕಾಣುವುದಿಲ್ಲ, ಮೀಟರ್ ಹಿಡಿದವರಿಗೂ ಅದು ಸುಳ್ಳು ಹೇಳುತ್ತದೆ. ನನ್ನ ದೂರು ಮುಖ್ಯವಾಗಿ ಅದರ ಮೇಲೆ.

ಈಗ ನನ್ನ ಬೇಡಿಕೆ. ನ್ಯೂಟ್ರಲ್ಲನ್ನು ಸಾಕೆಟ್‌ನಲ್ಲಿ ಅರ್ಥ್‌ಗೆ ಕಟ್ಟುವುದು ಅಪಾಯ, ಹಾಗೆ ಮಾಡಕೂಡದು ಎಂದು ನಿಮ್ಮ ಇಲಾಖೆ ನೇರವಾದ ಕನ್ನಡದಲ್ಲಿ, ಚಿತ್ರಸಹಿತ, ಒಂದೇ ಪುಟದ ಪ್ರಕಟಣೆ ಹೊರಡಿಸಬೇಕು. “ವಿದ್ಯುತ್ ಸುರಕ್ಷತೆ ಎಲ್ಲರ ಹೊಣೆ” ಎಂಬಂಥ ಫಲಕಗಳು ಬೇಡ. ಈ ತುಂಡನ್ನು ಚಿತ್ರದಲ್ಲಿ ತೋರಿಸಿ “ಇದು ಅರ್ಥಿಂಗ್ ಅಲ್ಲ” ಎಂದು ಬರೆದರೆ ಸಾಕು. ಅದನ್ನು ಗುತ್ತಿಗೆದಾರರಿಗೆ ಮಾತ್ರವಲ್ಲ, ವೈರು ಸ್ವಿಚ್ಚು ಮಾರುವ ಪ್ರತಿ ಅಂಗಡಿಯ ಗೋಡೆಗೂ ತಲುಪಿಸಿ. ಪರವಾನಗಿ ಇಲ್ಲದವರು ಬಂದು ನಿಲ್ಲುವುದು ಆ ಅಂಗಡಿಗಳ ಮುಂದೆಯೇ. ಜೊತೆಗೆ ಆಯಾ ತಾಲ್ಲೂಕಿಗೆ ಬರುವ ಪರವಾನಗಿ ಇರುವ ಗುತ್ತಿಗೆದಾರರ ಪಟ್ಟಿಯನ್ನು ವಿದ್ಯುತ್ ಕಂಪನಿಯ ಪ್ರತಿ ಸೆಕ್ಷನ್ ಆಫೀಸಿನ ಹೊರಗೆ ತೂಗುಹಾಕಿಸಿ. ನನಗೆ ಒಬ್ಬರನ್ನು ಹುಡುಕಲು ಹನ್ನೊಂದು ದಿನ ಹಿಡಿಯಿತು.

ಎರಡನೆಯದು ಮೀಟರ್ ಬೋರ್ಡಿಗೆ ಸಂಬಂಧಿಸಿದ್ದು. 2023ರಲ್ಲಿ ಗೃಹಜ್ಯೋತಿ ಬಂದಾಗ ರಾಜ್ಯದ ಮನೆಮನೆಯವರೂ ಆರ್‌ಆರ್ ಸಂಖ್ಯೆ ಹಿಡಿದು ನೋಂದಾಯಿಸಿಕೊಂಡೆವು. ತಿಂಗಳು ತಿಂಗಳೂ ಒಬ್ಬರು ಮೀಟರ್ ಎದುರು ಬಂದು ನಿಂತು, ಶೂನ್ಯ ಬಿಲ್ ಹರಿದುಕೊಟ್ಟು ಹೋಗುತ್ತಾರೆ. ಆ ಬೋರ್ಡಿನಲ್ಲಿ ಅರ್ಥ್ ಟರ್ಮಿನಲ್ ಇದೆಯೇ, ಅದರ ತಂತಿ ನೆಲ ಸೇರುತ್ತಿದೆಯೇ ಎಂದು ವರ್ಷಕ್ಕೊಮ್ಮೆಯಾದರೂ ನೋಡಿ, ಇಲ್ಲದಿದ್ದರೆ ಬಿಲ್ಲಿನ ಮೇಲೆಯೇ ಒಂದು ಸಾಲು ಮುದ್ರಿಸುವಂತೆ ಸರಬರಾಜು ಕಂಪನಿಗಳಿಗೆ ತಾವು ನಿರ್ದೇಶನ ಕೊಡಬೇಕು. ಅಳತೆ ತೆಗೆಯುವ ಕೆಲಸ ಮೀಟರ್ ರೀಡರ್‌ಗಳದ್ದಲ್ಲ, ಗೊತ್ತಿದೆ. ಕಡಿದು ನೇತಾಡುವ ತಂತಿಯನ್ನು ಕಾಣಲು ಉಪಕರಣ ಬೇಕಾಗಿಲ್ಲ. ಮೀಟರ್ ಬದಲಿಸುವಾಗ, ಲೋಡ್ ಹೆಚ್ಚಿಸುವಾಗ, ಹೆಸರು ಬದಲಾಯಿಸುವಾಗ ಅರ್ಥಿಂಗ್ ಅಳೆದ ದಿನಾಂಕವನ್ನೂ ಅಳತೆಯನ್ನೂ ಬೋರ್ಡಿನ ಮೇಲೆ ಚೀಟಿಯಾಗಿ ಅಂಟಿಸಲಿ. ಅಡುಗೆ ಅನಿಲದ ಸಿಲಿಂಡರಿನ ಮೇಲೆ ಮುಂದಿನ ತಪಾಸಣೆ ಯಾವಾಗ ಎಂದು ಬರೆದಿರುತ್ತದೆ, ನಮ್ಮ ಗೋಡೆಗೂ ಅಷ್ಟು ಮರ್ಯಾದೆ ಸಿಗಲಿ.

ಅಂಗಡಿಗಳನ್ನು ಆಳುವ ಅಧಿಕಾರ ತಮಗಿಲ್ಲದಿರಬಹುದು. ಆದರೂ ಗ್ರಾಹಕ ವ್ಯವಹಾರಗಳ ಇಲಾಖೆಗೆ ತಾವು ಬರೆದರೆ ಅದಕ್ಕೆ ಇರುವ ತೂಕ ನನ್ನ ಅರ್ಜಿಗಿಲ್ಲ. ಮೂರು ಪಿನ್ನಿನ ಯಾವುದೇ ಉಪಕರಣವನ್ನು ಮನೆಗೆ ಬಂದು ಜೋಡಿಸಿಕೊಡುವವರು ಸಾಕೆಟ್ ಬಿಚ್ಚಿ ಮೂರನೆಯ ತಂತಿ ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು, ನೋಡಿದ್ದನ್ನು ಕನ್ನಡದಲ್ಲಿ ಬರೆದು ಸಹಿ ಹಾಕಿ ಕೊಡಬೇಕು. ಅರ್ಥಿಂಗ್ ಇಲ್ಲದಿದ್ದರೆ ವಾರಂಟಿ ಇಲ್ಲ ಎಂಬ ಸಾಲಿನ ಮೊದಲು ಜೀವಕ್ಕೆ ಅಪಾಯ ಎಂಬ ಸಾಲು ಬರಲಿ. ನನಗೆ ಕೊಟ್ಟ ಕೈಪಿಡಿಯಲ್ಲಿ ಇಂಗ್ಲಿಷ್ ಇತ್ತು, ಹಿಂದಿ ಇತ್ತು. ಮಷೀನ್ ಬಳಸುವ ನನ್ನ ತಾಯಿಗೆ ಬರುವ ಭಾಷೆ ಇರಲಿಲ್ಲ.

ಬಾಡಿಗೆ ಮನೆಗಳ ವಿಷಯ ಇನ್ನೂ ನಾಜೂಕಿನದು. ಗೋಡೆ ಕೊರೆದು ತಂತಿ ಎಳೆಯುವ ಹಕ್ಕು ಬಾಡಿಗೆದಾರರಿಗಿಲ್ಲ, ಎಳೆಸುವ ಆಸಕ್ತಿ ಮಾಲೀಕರಿಗಿಲ್ಲ. ನಮ್ಮ ಮಾಲೀಕರು ಖರ್ಚಿನ ಅರ್ಧ ಕೊಟ್ಟರು, ಒಳ್ಳೆಯವರು. ಎಲ್ಲರ ಅದೃಷ್ಟ ಹಾಗಿರುವುದಿಲ್ಲ. ಆರ್‌ಸಿಸಿಬಿಯೂ ಅರ್ಥಿಂಗೂ ಇಲ್ಲದ ಮನೆಯನ್ನು ಬಾಡಿಗೆಗೆ ಕೊಡುವಂತಿಲ್ಲ ಎಂಬ ನಿಬಂಧನೆ ತರಲು ಸರ್ಕಾರಕ್ಕೆ ತಾವು ಶಿಫಾರಸು ಮಾಡಬೇಕೆಂದು ಕೋರುತ್ತೇನೆ.

ಕೊನೆಯದಾಗಿ, ವಿದ್ಯುತ್ ಅಪಘಾತಗಳ ವರದಿ ಮತ್ತು ವಿಚಾರಣೆಗೆ ಸಂಬಂಧಿಸಿದ, 2003ರ ವಿದ್ಯುತ್ ಕಾಯ್ದೆಯ 161ನೆಯ ಕಲಮನ್ನು ತಮ್ಮ ಗಮನಕ್ಕೆ ತರುತ್ತೇನೆ. ಅದು ಸಾವಿನ ಬಗ್ಗೆ ಮಾತ್ರ ಹೇಳುವುದಿಲ್ಲ. ಗಾಯವಾದ, ಸಾವು ಸಂಭವಿಸಬಹುದಾಗಿದ್ದ ಅಪಘಾತವನ್ನೂ ಅದು ಹೆಸರಿಸುತ್ತದೆ. ನನ್ನ ತಾಯಿಗಾದದ್ದು ಅಂಥದ್ದು. ಸೆಕ್ಷನ್ ಆಫೀಸಿಗೆ ಹೋಗಿ ಹೇಳಿದಾಗ ದೂರಿನ ಪುಸ್ತಕದಲ್ಲಿ “ನ್ಯೂಟ್ರಲ್ ಕಟ್, ಸರಿಪಡಿಸಲಾಗಿದೆ” ಎಂದು ಬರೆದುಕೊಂಡರು. ಶಾಕ್ ಹೊಡೆದದ್ದನ್ನೂ ಬರೆಯಿರಿ ಎಂದರೆ ಅದಕ್ಕೆ ಕಾಲಂ ಇಲ್ಲ ಎಂದರು. ಆ ಕಾಲಂ ಮಾಡಿಸಿ. ವಿದ್ಯುತ್ ದೂರಿನ ಸಹಾಯವಾಣಿ 1912ಕ್ಕೆ ಕರೆ ಮಾಡಿ ಮಷೀನ್ ಜುಮ್ಮೆನ್ನುತ್ತಿದೆ ಎಂದು ಒಬ್ಬ ಗೃಹಿಣಿ ಹೇಳಿದರೆ, ಅದು ಮನೆಯೊಳಗಿನ ವಿಷಯ ಎಂದು ಫೋನ್ ಇಡದೆ ಬರೆದುಕೊಳ್ಳುವ ವ್ಯವಸ್ಥೆ ಆಗಲಿ. ಜುಮ್ಮೆನ್ನುವುದು ಮೊದಲ ಸೂಚನೆ. ನಮ್ಮ ಮನೆಯಲ್ಲಿ ಅದು ಅಷ್ಟು ವರ್ಷ ಕೊಟ್ಟ ಸೂಚನೆಗೆ ನಾವು ಕೊಟ್ಟ ಉತ್ತರ ಒಂದು ಮಣೆ.

ಅಮ್ಮನ ಕೈ ಈಗ ಸರಿಯಾಗಿದೆ, ಕಿರುಬೆರಳಿನಲ್ಲಿ ಸ್ವಲ್ಪ ಜೋಮು ಉಳಿದಿದೆ. ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ಪ್ರತಿ ತಿಂಗಳು ಒತ್ತಿ ನೋಡುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದಾರೆ. ಮಣೆಯನ್ನು ಬಿಟ್ಟಿಲ್ಲ, ಬಿಡಿ ಎಂದು ಹೇಳುವ ಮುಖ ನನಗೂ ಇಲ್ಲ.

ಸಾಕೆಟ್‌ನಿಂದ ತೆಗೆದ ಆ ಕೆಂಪು ತಂತಿಯ ತುಂಡನ್ನು ಕಾಗದದಲ್ಲಿ ಸುತ್ತಿ ಎತ್ತಿಟ್ಟಿದ್ದೇನೆ. ಫ್ರಿಜ್ ಮತ್ತು ಗೀಸರ್‌ನ ಪಾಯಿಂಟ್‌ಗಳಲ್ಲಿ ಸಿಕ್ಕಿದ ಎರಡೂ ಅದರ ಜೊತೆಗಿವೆ. ಬೀದಿಯ ಮೂರು ಮನೆಯವರೂ ತಮ್ಮವನ್ನು ಕೊಡಲು ಒಪ್ಪಿದ್ದಾರೆ. ನಿಮ್ಮ ಅಧಿಕಾರಿಗಳು ಯಾವ ದಿನ ಬರುತ್ತಾರೆಂದು ತಿಳಿಸಿದರೆ ರಜೆ ಹಾಕಿ ಮನೆಯಲ್ಲಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ವಿದ್ಯುತ್ ಗ್ರಾಹಕ